ಚಪ್ಪಾಳೆಯ ಆಚೆಗೆ: ಭಾಷೆಯಲ್ಲಿ ಚುರುಕಾದ ಮಕ್ಕಳಿಗೆ ಏನು ಕಲಿಸಬೇಕು?

(ಮೈಸೂರಿನ ಮೇಟಗಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಕನ್ನಡ ಪಾಠ ಹೇಳುತ್ತಲೇ ಬದುಕು ಕಳೆದ ಮೇಷ್ಟ್ರೊಬ್ಬರ ನೆನಪಿಗೆ ಇಟ್ಟ ದತ್ತಿ ಇದು. ಅವರ ಮನೆಯವರು ನನಗೆ ಹಾಕಿದ ಷರತ್ತು ಒಂದೇ: ಕನ್ನಡದ ಸ್ಥಿತಿಗತಿ ಎಂದು ಗೋಳಾಡುವುದು ಬೇಡ, ನಾಳೆ ತರಗತಿಯಲ್ಲಿ ಕೆಲಸಕ್ಕೆ ಬರುವಂಥದ್ದು ಹೇಳಿ ಎಂದು. ಆ ಮಾತಿಗೆ ಕಟ್ಟುಬಿದ್ದು ಸಣ್ಣ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ಆರು, ಏಳು, ಎಂಟನೇ ತರಗತಿಗಳಲ್ಲಿ ಭಾಷೆಯ ಮಟ್ಟಿಗೆ ಓರಗೆಯವರಿಗಿಂತ ಬಹಳ ಮುಂದಿರುವ ಒಂದಿಬ್ಬರು ಮಕ್ಕಳು ಎಲ್ಲ ಶಾಲೆಗಳಲ್ಲೂ ಇರುತ್ತಾರೆ. ಕನ್ನಡ ಪೀರಿಯಡ್ಡಿನಲ್ಲಿ ಆ ಮಕ್ಕಳಿಗೆ ನಾವು ಏನು ಕೊಡುತ್ತಿದ್ದೇವೆ? ಏನು ಕೊಡಬಹುದು?

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಮಕ್ಕಳನ್ನು ಆರಿಸುವುದಕ್ಕೆ, ಮೆರೆಸುವುದಕ್ಕೆ ನಮ್ಮಲ್ಲಿ ಏರ್ಪಾಡುಗಳು ಬೇಕಾದಷ್ಟಿವೆ. ಅವರಿಗೆ ಕಲಿಸುವುದಕ್ಕೆ ಮಾತ್ರ ಏರ್ಪಾಡು ಇಲ್ಲವೆನ್ನುವಷ್ಟು ಕಡಿಮೆ. ಆ ಕಲಿಕೆಗೆ ಬೇಕಾದದ್ದು ಎರಡೇ: ಉತ್ತರ ಪುಸ್ತಕದ ಹಿಂದೆ ಸಿದ್ಧವಾಗಿ ಕೂತಿರದ ಪ್ರಶ್ನೆ ಮತ್ತು ಮಗು ಬರೆದದ್ದನ್ನು ಮನಸ್ಸಿಟ್ಟು ಓದುವ ಒಬ್ಬ ಓದುಗ. ಈ ಎರಡಕ್ಕೂ ದುಡ್ಡು ಬೇಕಿಲ್ಲ, ಬೇರೆ ಕಟ್ಟಡ ಬೇಕಿಲ್ಲ, ಮಕ್ಕಳನ್ನು ಬೇರೆ ಕೂರಿಸುವ ಅಗತ್ಯವೂ ಇಲ್ಲ.

1. ಯಾರ ಬಗ್ಗೆ ಈ ಮಾತು?

ಭಾಷೆಯಲ್ಲಿ ಜಾಣ ಮಗು ಎಂದೊಡನೆ ನಮ್ಮ ಕಣ್ಣಿಗೆ ಬೀಳುವುದು ಆಗಸ್ಟ್ ಹದಿನೈದರಂದು ಮೈಕಿನ ಮುಂದೆ ತಡವರಿಸದೆ ಮಾತಾಡುವ ಹುಡುಗಿ, ಮುತ್ತು ಪೋಣಿಸಿದಂತೆ ಬರೆಯುವ ಹುಡುಗ. ಅವರೂ ಜಾಣರಿರಬಹುದು. ಆದರೆ ನಿಜವಾದ ಗುರುತುಗಳು ಬೇರೆ ಕಡೆ ಇರುತ್ತವೆ. ಪುಸ್ತಕ ಕೈಗೆ ಬಂದ ವಾರದಲ್ಲೇ ಪಠ್ಯಪೋಷಕ ಪಾಠಗಳನ್ನೂ ಓದಿ ಮುಗಿಸಿ, ಮುಂದಿನ ಒಂಬತ್ತು ತಿಂಗಳು ಕಿಟಕಿಯಾಚೆ ನೋಡುವ ಮಗು. ಕಥೆಯಲ್ಲಿ ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ತಾಳೆಯಾಗುತ್ತಿಲ್ಲವಲ್ಲ ಎಂದು ಎದ್ದು ನಿಲ್ಲುವ ಮಗು. ಹೆಡ್‌ಮಾಸ್ಟರು, ಬಸ್ ಕಂಡಕ್ಟರು, ಎದುರುಮನೆ ಅಜ್ಜಿ ಮೂವರ ಮಾತಿನ ಧಾಟಿಯನ್ನೂ ಹಿಡಿದು ಆಡಿ ತೋರಿಸುವ ಮಗು. ಬೋಂಡ ಕಟ್ಟಿಕೊಟ್ಟ ಹಳೇ ಪೇಪರನ್ನು ಎಣ್ಣೆಯಂಟಿದ್ದರೂ ಬಿಡಿಸಿ ಓದುವ ಮಗು.

ಇವರಲ್ಲಿ ಎಷ್ಟೋ ಮಂದಿಯ ನೋಟ್‌ಬುಕ್ಕು ಕೊಳಕಾಗಿರುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಅಕಾರ, ಹಕಾರ ಅದಲುಬದಲಾಗುತ್ತವೆ. ‘ಅಳ್ಳಿ’ ಎಂದು ಬರೆದ ಮಗುವನ್ನು ತಿದ್ದಲೇಬೇಕು. ಆದರೆ ಆ ಕಾಗುಣಿತದ ತಪ್ಪಿನ ಹಿಂದೆ ಯಾರೂ ಯೋಚಿಸದ ಒಂದು ಮಾತು ಅಡಗಿದ್ದರೆ ಅದನ್ನೂ ಕಾಣಬೇಕು. ಕೆಂಪು ಇಂಕಿಗೆ ತಪ್ಪು ಬೇಗ ಕಾಣುತ್ತದೆ, ಹೊಳಹು ತಡವಾಗಿ ಕಾಣುತ್ತದೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಈ ನಾಡಿನ ಜನ ಓದು ಬರಹದ ಅಭ್ಯಾಸವಿಲ್ಲದೆಯೂ ಕಾವ್ಯದ ಬಳಕೆಯಲ್ಲಿ ಪಳಗಿದವರು ಎಂದು ಹೊಗಳಿತು. ಸಮಾರಂಭಗಳಲ್ಲಿ ಆ ಮಾತನ್ನು ಹೆಮ್ಮೆಯಿಂದ ನೆನೆಯುವ ನಾವೇ ತರಗತಿಯಲ್ಲಿ ಅಕ್ಷರ ಚೆನ್ನಾಗಿರುವವರನ್ನು ಮಾತ್ರ ಜಾಣರ ಪಟ್ಟಿಗೆ ಸೇರಿಸುತ್ತೇವೆ.

ಮೇಟಗಳ್ಳಿಗೇ ಸೇರಿದ ಇನ್ನೊಂದು ಬಗೆಯ ಮಗುವಿದೆ. ಕೆಆರ್‌ಎಸ್ ರಸ್ತೆಯ ಈ ಊರು ಹಳ್ಳಿಯಾಗಿದ್ದದ್ದು, ಕಾರ್ಖಾನೆಗಳ ನಡುವೆ ನಗರವಾಯಿತು. ಇವತ್ತಿಗೂ ಜನ ವಿಕ್ರಾಂತ್ ಎಂದೇ ಕರೆಯುವ ಟೈರ್ ಕಾರ್ಖಾನೆ, ನೋಟು ಮುದ್ರಣಾಲಯ, ಪಕ್ಕದ ಹೆಬ್ಬಾಳ ಕೈಗಾರಿಕಾ ಪ್ರದೇಶ, ಇವುಗಳ ಸುತ್ತ ಬಾಡಿಗೆ ಮನೆಗಳಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ, ಒಡಿಯಾ ಆಡುವ ಸಂಸಾರಗಳಿವೆ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರು ಕನ್ನಡದಲ್ಲಿ ಹೇಳಿದ್ದನ್ನು ಮನೆಮಾತಿಗೆ ತಿರುಗಿಸುವವಳು ಆರನೇ ಕ್ಲಾಸಿನ ಹುಡುಗಿ. ಬಾಡಿಗೆ ಹೆಚ್ಚಿಸುವ ಮಾಲೀಕರ ಸಿಟ್ಟನ್ನು ಒಂದಿಷ್ಟು ತಗ್ಗಿಸಿ ಅಪ್ಪನಿಗೆ ದಾಟಿಸುವವಳೂ ಅವಳೇ. ಗ್ವಾಡಲೂಪ್ ವಾಲ್ಡೆಸ್ ಎಂಬ ವಿದ್ವಾಂಸೆ ಅಮೆರಿಕದ ವಲಸೆ ಕುಟುಂಬಗಳ ಇಂಥ ಬಾಲ ದುಭಾಷಿಗಳನ್ನು ಅಭ್ಯಾಸ ಮಾಡಿ 2003ರಲ್ಲಿ ಪುಸ್ತಕ ಬರೆದರು. ಎದುರಿನವರು ಮುಂದೆ ಏನು ಹೇಳಬಹುದೆಂದು ಅಂದಾಜು ಮಾಡುವುದು, ಮಾತಿನ ಬಿರುಸನ್ನು ಎಷ್ಟು ದಾಟಿಸಬೇಕೆಂದು ಆ ಕ್ಷಣದಲ್ಲೇ ತೀರ್ಮಾನಿಸುವುದು, ಇವೆಲ್ಲ ಅಸಾಧಾರಣ ಬುದ್ಧಿಶಕ್ತಿಯ ಲಕ್ಷಣ ಎಂಬುದು ಅವರ ವಾದ. ನಮ್ಮ ಹಾಜರಿ ಪುಸ್ತಕದಲ್ಲಿ ಆ ಹುಡುಗಿ ‘ಕನ್ನಡದಲ್ಲಿ ಹಿಂದೆ’ ಎಂಬ ಗುಂಪಿನಲ್ಲಿರುತ್ತಾಳೆ.

ಮೈಸೂರಿಗೆ ಇದು ಹೊಸದಲ್ಲ. 1929ರಲ್ಲಿ ಇಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ತಮ್ಮ ಬಾಲ್ಯದ ಬಗ್ಗೆ ಬರೆದಿದ್ದಾರೆ: ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾದ ತಂದೆಯ ಓದಿನ ಕೋಣೆಯಲ್ಲಿ ಇಂಗ್ಲಿಷು, ಕೆಳಗೆ ಅಡುಗೆಮನೆಯಲ್ಲಿ ತಮಿಳು, ಬೀದಿಗಿಳಿದರೆ ಕನ್ನಡ. ಈ ಮೂರು ಭಾಷೆಗಳ ನಡುವೆ ಓಡಾಡಿದ ಹುಡುಗ ಮುಂದೆ ವಚನಗಳನ್ನೂ ಸಂಗಂ ಕವಿತೆಗಳನ್ನೂ ಜಗತ್ತಿಗೆ ಓದಿಸಿದರು. 1969ರಲ್ಲಿ ಮೈಸೂರಿನಲ್ಲೇ ಶುರುವಾದ ಭಾರತೀಯ ಭಾಷಾ ಸಂಸ್ಥಾನದ ಮೊದಲ ನಿರ್ದೇಶಕರಾದ ಡಿ.ಪಿ. ಪಟ್ನಾಯಕರೂ ಹಲವು ಭಾಷೆಗಳಿರುವುದು ನಮ್ಮ ತರಗತಿಯ ಬಂಡವಾಳ ಎಂದು ವಾದಿಸುತ್ತ ಬಂದವರು.

2. ಆರಿಸುವ ಜರಡಿಗಳು

ಈ ವಯಸ್ಸಿನ ಮಕ್ಕಳನ್ನು ಆರಿಸಲು ನಮ್ಮಲ್ಲಿರುವ ಪರೀಕ್ಷೆಗಳನ್ನು ನೋಡಿ. ಆರನೇ ತರಗತಿಗೆ ಸೇರಿಸಿಕೊಳ್ಳುವ ನವೋದಯ ಪರೀಕ್ಷೆಯಲ್ಲಿ 100 ಅಂಕ, 80 ಪ್ರಶ್ನೆ. ಭಾಷೆಗೆ ಮೀಸಲು 20 ಪ್ರಶ್ನೆ, 25 ಅಂಕ. ಗದ್ಯಭಾಗ ಓದಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಮಗು ತನ್ನದೇ ಒಂದು ವಾಕ್ಯವನ್ನೂ ಬರೆಯಬೇಕಾಗಿಲ್ಲ. ಎಂಟನೇ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯ, ವಿಜ್ಞಾನ, ಸಮಾಜ, ಗಣಿತ ಇವೆ. ಭಾಷೆಗೆ ಜಾಗವಿಲ್ಲ. ಲಕ್ಷಾಂತರ ಮಕ್ಕಳನ್ನು ಪರೀಕ್ಷಿಸುವಾಗ ಹೀಗಲ್ಲದೆ ಬೇರೆ ದಾರಿ ಕಷ್ಟವೆಂಬುದು ನನಗೂ ಗೊತ್ತು. ಇವು ಚುರುಕು ಮಕ್ಕಳಿಗೆ ದಾರಿ ಮಾಡಿಕೊಟ್ಟಿವೆ ಎಂಬುದೂ ನಿಜ. ಆದರೆ ಕಥೆ ಹೆಣೆಯಬಲ್ಲ, ವಾದ ಕಟ್ಟಬಲ್ಲ ಮಗು ಈ ಜರಡಿಯಲ್ಲಿ ಸೋರಿಹೋಗುತ್ತದೆ.

ಇನ್ನು ನಮ್ಮ ಪ್ರತಿಭಾ ಕಾರಂಜಿ. ಕ್ಲಸ್ಟರಿನಿಂದ ಹಿಡಿದು ರಾಜ್ಯಮಟ್ಟದವರೆಗೆ ಕಂಠಪಾಠ, ಕಥೆ ಹೇಳುವುದು, ಆಶುಭಾಷಣ, ಪ್ರಬಂಧ, ಚರ್ಚೆ. ಹಳ್ಳಿಯ ಮಗುವಿಗೂ ವೇದಿಕೆ ಕೊಟ್ಟ ಕಾರ್ಯಕ್ರಮ ಅದು, ಅದರ ಮೇಲೆ ನನಗೆ ಗೌರವವಿದೆ. ಆದರೆ ಸ್ಪರ್ಧೆ ಮುಗಿದ ಮೇಲೆ ಏನಾಗುತ್ತದೆ? ಪ್ರಬಂಧಕ್ಕೆ ಮೊದಲ ಬಹುಮಾನ ಬಂದರೆ ಪ್ರಮಾಣಪತ್ರ ಸಿಗುತ್ತದೆ. ಪ್ರಬಂಧದ ಎರಡನೇ ಪ್ಯಾರಾ ಏಕೆ ಚೆನ್ನಾಗಿದೆ, ಕೊನೆ ಏಕೆ ಸಡಿಲವಾಯಿತು ಎಂದು ಯಾರೂ ಮಗುವಿಗೆ ಹೇಳುವುದಿಲ್ಲ. ಉತ್ತರಪತ್ರಿಕೆ ತೀರ್ಪುಗಾರರ ಮೇಜಿನಲ್ಲೇ ಉಳಿಯುತ್ತದೆ. ಗೆದ್ದ ಮಗು ಮುಂದಿನ ವರ್ಷ ಅದೇ ಧಾಟಿಯಲ್ಲಿ ಬರೆಯುತ್ತದೆ, ಏಕೆಂದರೆ ಗೆದ್ದದ್ದು ಅದೇ ಧಾಟಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ಮಾತಾಡುವಾಗ ಶಾಲೆಗಳಲ್ಲಿ ವಿಜ್ಞಾನ, ಗಣಿತ ಕೂಟಗಳ ಜೊತೆಗೆ ಕಾವ್ಯ, ಭಾಷೆ, ನಾಟಕ, ಚರ್ಚೆಯ ಕೂಟಗಳನ್ನೂ ಹೆಸರಿಸಿತು. ಬಿ.ಇಡಿ.ಯಲ್ಲಿ ಪ್ರತಿಭಾವಂತ ಮಕ್ಕಳ ಶಿಕ್ಷಣವನ್ನು ವಿಶೇಷ ವಿಷಯವಾಗಿ ಓದಲು ಅವಕಾಶವಿರಬೇಕೆಂದೂ ಹೇಳಿತು. ನೀತಿಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಕಾವ್ಯಕೂಟ, ಭಾಷಾಕೂಟ ಎಂಬ ಮಾತು ಸರ್ಕಾರಿ ದಾಖಲೆಯಲ್ಲಿ ಬಂದಿರುವುದು ನಮಗೆ ಹಿಡಿದುಕೊಳ್ಳಲು ಒಂದು ಊರುಗೋಲು.

3. ವೇಗ ಸಾಲದು

ಚುರುಕಾದ ಮಗುವಿಗೆ ಏನು ಮಾಡಬೇಕು ಎಂದಾಗ ಮೊದಲು ಹೊಳೆಯುವುದು ವೇಗ: ಮುಂದಿನ ಪಾಠಕ್ಕೆ, ಮುಂದಿನ ತರಗತಿಗೆ ಕಳಿಸಿ. ಓದಲು ಕಲಿಯುವ ಹಂತದಲ್ಲಿ ಇದು ಸರಿ. ಅದಕ್ಕೆ ನಮ್ಮ ಜಿಲ್ಲೆಯದೇ ಒಳ್ಳೆಯ ಉದಾಹರಣೆಯಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಹುಟ್ಟಿದ ನಲಿ-ಕಲಿಯಲ್ಲಿ ಮಕ್ಕಳು ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ. ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದ ಇಲ್ಲಿಯ ಮೇಷ್ಟ್ರುಗಳೇ ಕಾರ್ಡುಗಳನ್ನು ರೂಪಿಸಿದರು, ಆಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಆದರೆ ಆ ಏಣಿ ಕೆಳಗಿನ ತರಗತಿಗಳಿಗೇ ಮುಗಿಯುತ್ತದೆ. ಆಮೇಲೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ನಡಿಗೆ.

ಹಾಗಾದರೆ ಏಣಿಯನ್ನು ಎಂಟನೇ ತರಗತಿಯವರೆಗೆ ಎತ್ತರಿಸಿದರೆ ಸಾಕೇ? ಗಣಿತಕ್ಕೆ ಬಹುಶಃ ಸಾಕು. ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತದ ಚುರುಕು ಮಕ್ಕಳನ್ನು ಹುಡುಕುವ ಕೆಲಸ ಶುರುಮಾಡಿ, ಅವರನ್ನು ಬೇಗ ಬೇಗ ಮೇಲಿನ ಗಣಿತಕ್ಕೆ ಒಯ್ದರು. ಬೀಜಗಣಿತವಾದ ಮೇಲೆ ಮುಂದಿನ ಮೆಟ್ಟಿಲು ಯಾವುದೆಂದು ಗೊತ್ತು. ಭಾಷೆಯಲ್ಲಿ ಅಂಥ ಮೆಟ್ಟಿಲುಗಳಿಲ್ಲ. ಹನ್ನೊಂದು ವರ್ಷದ ಮಗು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಅಕ್ಷರಗಳನ್ನು ಸಲೀಸಾಗಿ ಓದಬಹುದು. ಅದರೊಳಗಿನ ಬದುಕನ್ನು ಅರಗಿಸಿಕೊಳ್ಳುವ ವಯಸ್ಸು ಆಗಿರುವುದಿಲ್ಲ. ಆದ್ದರಿಂದ ಭಾಷೆಯಲ್ಲಿ ಹೋಗಬೇಕಾದ ದಿಕ್ಕು ಆಳ. ಮಗು ಓದಬಲ್ಲ ಅದೇ ಪದ್ಯದಲ್ಲಿ, ಅದಕ್ಕೆ ಗೊತ್ತಿರುವ ಅದೇ ಮಾತಿನಲ್ಲಿ ಇನ್ನೂ ಕೆಳಕ್ಕೆ ಇಳಿಸಬೇಕು.

ಈ ತಿಳಿವಳಿಕೆ ಹಳೆಯದು. 1936ರಲ್ಲಿ ನ್ಯೂಯಾರ್ಕಿನ ಸ್ಪೆಯರ್ ಶಾಲೆಯಲ್ಲಿ ಲೀಟಾ ಹಾಲಿಂಗ್‌ವರ್ತ್ ಎಂಬ ಮನೋವಿಜ್ಞಾನಿ ತುಂಬ ಚುರುಕಾದ ಮಕ್ಕಳನ್ನು ಮೇಲಿನ ತರಗತಿಗಳಿಗೆ ಓಡಿಸಲಿಲ್ಲ. ಊಟ, ಬಟ್ಟೆ, ಮನೆ, ಸಾರಿಗೆ ಮುಂತಾದ ದಿನಬಳಕೆಯ ಸಂಗತಿಗಳು ಬೆಳೆದುಬಂದ ಬಗೆಯನ್ನು ಮಕ್ಕಳೇ ಹುಡುಕಿ, ಓದಿ, ಬರೆಯುವಂತೆ ಮಾಡಿದರು. ಇತ್ತೀಚಿನವರಲ್ಲಿ ಜಾಯ್ಸ್ ವ್ಯಾನ್‌ಟ್ಯಾಸೆಲ್-ಬಾಸ್ಕಾ ಮತ್ತು ಅವರ ಸಂಗಡಿಗರು ಪ್ರತಿಭಾವಂತ ಮಕ್ಕಳಿಗಾಗಿ ರೂಪಿಸಿದ ಭಾಷಾಪಾಠಗಳು ‘ಬದಲಾವಣೆ’ ಎಂಬ ಒಂದೇ ವಿಚಾರವನ್ನು ಹಿಡಿದು ಕಥೆ, ಕವಿತೆ, ವಾದ, ಸಂಶೋಧನೆಗಳನ್ನು ಒಟ್ಟಿಗೆ ಹೆಣೆಯುತ್ತವೆ.

ಮಾತು ಸಾಕು, ಪಾಠಕ್ಕೆ ಬರೋಣ. ಮೂರು ಮಾದರಿ ಪಾಠಗಳನ್ನು ನಿಮ್ಮ ಮುಂದಿಡುತ್ತೇನೆ. ಮೂರೂ ಇಡೀ ತರಗತಿಗೆ ಕೊಡುವಂಥವು. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಒಳಗೆ ಎಷ್ಟು ದೂರ ಹೋಗುತ್ತಾರೆಂಬುದು ಅವರವರ ಶಕ್ತಿ.

4. ಮೊದಲ ಪಾಠ: ನೋಟಿನ ಹಿಂಬದಿ

1996ರಿಂದ ಈ ಮೇಟಗಳ್ಳಿಯಲ್ಲಿ ಭಾರತದ ನೋಟುಗಳು ಅಚ್ಚಾಗುತ್ತಿವೆ. ಆ ನೋಟಿನ ಹಿಂಬದಿಯ ಪಟ್ಟಿಯಲ್ಲಿ ಅದರ ಮೌಲ್ಯ ಹದಿನೈದು ಭಾಷೆಗಳಲ್ಲಿದೆ. ಭಾಷೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಪುಸ್ತಕ ಬೇಕೆ? ಜೆರಾಕ್ಸ್ ಮಾಡಿಸುವ ಗೋಜಿಗೆ ಹೋಗಬೇಡಿ, ಅದು ಕಾನೂನಿನ ತಂಟೆ. ಉಪಾಧ್ಯಾಯರ ಜೇಬಿನ ಹತ್ತು, ನೂರು, ಐನೂರರ ನೋಟುಗಳು ಮತ್ತು ಒಂದು ಭೂತಗನ್ನಡಿ ಸಾಕು.

ಮೊದಲ ಪ್ರಶ್ನೆ: ನಿಮಗೆ ಓದಲು ಬಾರದ ಲಿಪಿಯ ಸಾಲಿನಲ್ಲಿ ‘ರೂಪಾಯಿ’ ಎಂಬ ಭಾಗ ಯಾವುದು? ಮೂರೂ ನೋಟುಗಳಲ್ಲಿ ಅದೇ ಸಾಲನ್ನು ಹೋಲಿಸಿದರೆ ಬದಲಾಗದೆ ಉಳಿಯುವ ತುಂಡು ಸಿಗುತ್ತದೆ. ಎರಡನೆಯದು: ಯಾವ ಯಾವ ಭಾಷೆಗಳು ಒಂದೇ ಲಿಪಿ ಬಳಸಿವೆ? ಮರಾಠಿ, ಕೊಂಕಣಿ, ನೇಪಾಳಿ, ಸಂಸ್ಕೃತ ಒಂದೇ ಬಗೆಯಾಗಿ ಕಾಣುತ್ತವೆ. ಬಂಗಾಳಿ ಅಸ್ಸಾಮಿಗಳು ಇನ್ನೊಂದು ಜೋಡಿ. ಮೂರನೆಯದು: ನೂರಕ್ಕೆ ತಮಿಳು, ತೆಲುಗು, ಮಲಯಾಳಗಳಲ್ಲಿ ಏನೆನ್ನುತ್ತಾರೆ? ಮೂರೂ ಕನ್ನಡದ ನೂರಿನ ಒಡಹುಟ್ಟುಗಳೆಂದು ಕಿವಿಗೇ ತಿಳಿಯುತ್ತದೆ. ಮರಾಠಿಯ ಶಂಭರ್ ಬೇರೆ ಮನೆತನದ್ದು. ಬಂಗಾಳಿ, ಅಸ್ಸಾಮಿ, ಒಡಿಯಾಗಳಲ್ಲಿ ರೂಪಾಯಿಯ ಜಾಗದಲ್ಲಿ ಟಾಕಾ, ಟಂಕಾ ಇವೆ. ಏಕಿರಬಹುದು? ಇಲ್ಲಿ ಹಿಂದೆ ಕೂತ ಒಡಿಯಾ ಹುಡುಗ, ಉರ್ದು ಓದಬಲ್ಲ ಹುಡುಗಿ ತರಗತಿಯ ಪಂಡಿತರಾಗುತ್ತಾರೆ.

ನಾಲ್ಕನೆಯ ಪ್ರಶ್ನೆ ಎಲ್ಲಕ್ಕಿಂತ ಗಟ್ಟಿ: ಈ ಹದಿನೈದು ಭಾಷೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದಾರೆ? ಮಕ್ಕಳು ಮೊದಲು ಆಡುವವರ ಸಂಖ್ಯೆ ಎನ್ನುತ್ತಾರೆ, ಆಮೇಲೆ ನಕ್ಷೆ ತೆಗೆದು ದಿಕ್ಕು ಎನ್ನುತ್ತಾರೆ, ಕನ್ನಡದ ಅಕಾರಾದಿಯಲ್ಲಿ ಬರೆದು ನೋಡುತ್ತಾರೆ. ಅದೂ ಹೊಂದುವುದಿಲ್ಲ, ಏಕೆಂದರೆ ಉರ್ದು ಕೊನೆಯಲ್ಲಿದೆ. ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದಾಗ ಮಾತ್ರ ಸರಪಳಿ ಬಿಚ್ಚಿಕೊಳ್ಳುತ್ತದೆ: ಅಸ್ಸಾಮಿಯಿಂದ ಉರ್ದುವಿನವರೆಗೆ ಇಂಗ್ಲಿಷ್ ವರ್ಣಮಾಲೆಯ ಕ್ರಮ, ಕನ್ನಡ ಗುಜರಾತಿಯ ಕೆಳಗೆ ನಾಲ್ಕನೆಯದು. ಆಗ ಮಗು ಕೇಳುವ ಮುಂದಿನ ಪ್ರಶ್ನೆಗೆ ನಾವು ತಯಾರಾಗಿರಬೇಕು: ನಮ್ಮ ಭಾಷೆಗಳನ್ನು ಜೋಡಿಸಲು ಇನ್ನೊಂದು ಭಾಷೆಯ ಕ್ರಮ ಏಕೆ ಬೇಕಾಯಿತು?

ಊಹಿಸು, ಪರೀಕ್ಷಿಸು, ಕೆಡವು, ಮತ್ತೆ ಊಹಿಸು ಎಂಬ ಈ ಆಟಕ್ಕೆ ಜಗತ್ತಿನ ಮಟ್ಟದ ಸ್ಪರ್ಧೆಯೇ ಇದೆ. ಗೊತ್ತಿಲ್ಲದ ಭಾಷೆಗಳ ಒಗಟುಗಳನ್ನು ಬರಿಯ ತರ್ಕದಿಂದ ಬಿಡಿಸುವ ಅಂತಾರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ 2003ರಲ್ಲಿ ಬಲ್ಗೇರಿಯದಲ್ಲಿ ಆರಂಭವಾಯಿತು. 2016ರಲ್ಲಿ ಅದು ನಡೆದದ್ದು ನಮ್ಮ ಮೈಸೂರಿನಲ್ಲಿ.

ನೋಟಿನಿಂದ ನಮ್ಮ ವ್ಯಾಕರಣಕ್ಕೆ ಒಂದೇ ಹೆಜ್ಜೆ. ಬಸ್ಸಿನ ಬೋರ್ಡುಗಳ ಊರುಗಳನ್ನು ಬರೆಸಿ: ಮಂಡ್ಯಕ್ಕೆ, ಹಾಸನಕ್ಕೆ, ಇಲವಾಲಕ್ಕೆ, ಆದರೆ ಮೇಟಗಳ್ಳಿಗೆ, ಹುಣಸೂರಿಗೆ, ನಂಜನಗೂಡಿಗೆ. ‘ಕ್ಕೆ’ ಎಲ್ಲಿ, ‘ಗೆ’ ಎಲ್ಲಿ? ಅಕಾರದಲ್ಲಿ ಮುಗಿದರೆ ‘ಕ್ಕೆ’ ಎಂದು ಐದು ನಿಮಿಷದಲ್ಲಿ ಹೇಳುತ್ತಾರೆ. ಹಾಗಾದರೆ ಅಣ್ಣ, ಅಮ್ಮ ಎಂಬುವೂ ಅಕಾರದಲ್ಲೇ ಮುಗಿಯುತ್ತವಲ್ಲ, ಅಣ್ಣಕ್ಕೆ ಎನ್ನುವುದಿಲ್ಲವೇಕೆ? ಮನುಷ್ಯರಿಗೆ ಬೇರೆ ನಿಯಮ. ಸರಿ, ಸೂರ್ಯನಿಗೆ ಎನ್ನುತ್ತೇವೆ, ನಕ್ಷತ್ರಕ್ಕೆ ಎನ್ನುತ್ತೇವೆ, ಸೂರ್ಯ ಮನುಷ್ಯನೇ? ಮಂಗನಿಗೆ, ಮಂಗಕ್ಕೆ ಎರಡೂ ನಡೆಯುತ್ತದಲ್ಲ, ಯಾವಾಗ ಯಾವುದು? ವಿಭಕ್ತಿ ಪ್ರತ್ಯಯದ ಕೋಷ್ಟಕವನ್ನು ಬಾಯಿಪಾಠ ಮಾಡಿಸಿದಾಗ ಆಕಳಿಸುತ್ತಿದ್ದ ಮಗು, ಕನ್ನಡ ನುಡಿ ಜಗತ್ತನ್ನು ಹೇಗೆ ವಿಂಗಡಿಸಿಕೊಂಡಿದೆ ಎಂದು ಈಗ ಯೋಚಿಸುತ್ತಿದೆ. ಹದಿಮೂರನೇ ಶತಮಾನದ ಕೇಶಿರಾಜ ಕವಿಗಳ ಪ್ರಯೋಗಗಳನ್ನು ಆಯ್ದಿಟ್ಟುಕೊಂಡೇ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕಟ್ಟಿದ. ನಾವು ಅವನ ಸೂತ್ರವನ್ನು ಮಕ್ಕಳಿಗೆ ಕೊಟ್ಟೆವು, ಅವನ ಕೆಲಸವನ್ನು ಕೊಡಲಿಲ್ಲ.

5. ಎರಡನೆಯ ಪಾಠ: ಗೊತ್ತಿರುವ ಹಾಡು

ಗೋವಿನ ಹಾಡು ಗೊತ್ತಿಲ್ಲದ ಮಗು ನಮ್ಮಲ್ಲಿ ಅಪರೂಪ. ಪ್ರಶ್ನೆಗಳೂ ಸವೆದುಹೋಗಿವೆ: ಹಸು ಹುಲಿಗೆ ಏನೆಂದು ಮಾತು ಕೊಟ್ಟಿತು, ಇದರಿಂದ ಕಲಿಯುವ ನೀತಿಯೇನು. ಚುರುಕಾದ ಮಗುವಿಗೆ ಇವುಗಳಲ್ಲಿ ತಿನ್ನಲು ಏನೂ ಇಲ್ಲ. ಅದೇ ಹಾಡಿಗೆ ಬೇರೆ ಪ್ರಶ್ನೆ ಹಾಕಿ. ಪುಣ್ಯಕೋಟಿ ಹಿಂದಿರುಗಿ ಬಂದ ಆ ಹೊತ್ತು ದೊಡ್ಡಿಯಲ್ಲಿ ಯಾರಿಗೆ ಏನೇನು ಗೊತ್ತಿತ್ತು? ಕರುವಿಗೆ ಗೊತ್ತು. ಕರುವನ್ನು ನೋಡಿಕೊಳ್ಳಿ ಎಂಬ ಮಾತು ಕೇಳಿಸಿಕೊಂಡ ಉಳಿದ ಹಸುಗಳಿಗೆ ಗೊತ್ತು. ದನಗಳ ಒಡೆಯ ಕಾಳಿಂಗನಿಗೆ? ಅವನಿಗೆ ಯಾವಾಗ ಗೊತ್ತಾಯಿತು? ಹಾಡಿನಲ್ಲಿ ಅದಕ್ಕೆ ಸಾಕ್ಷಿ ಎಲ್ಲಿದೆ? ಹೇಳದೆ ಬಿಟ್ಟದ್ದು ಕಥೆಗೆ ಏನು ಬಲ ತಂದಿತು? ಸಾಲು ತೋರಿಸದೆ ಯಾರೂ ಮಾತಾಡುವಂತಿಲ್ಲ ಎಂಬ ಒಂದೇ ಕಟ್ಟುಪಾಡು ಹಾಕಿ, ಉಪಾಧ್ಯಾಯರು ಸುಮ್ಮನಿರಬೇಕು. ಸುಮ್ಮನಿರುವುದೇ ಈ ಪಾಠದ ಕಷ್ಟದ ಭಾಗ.

ಇಲ್ಲಿಂದ ಇನ್ನೂ ಆಳಕ್ಕಿಳಿಯಬಹುದು. ಮಕ್ಕಳು ತಮ್ಮ ಅಜ್ಜಿಯರಿಂದ, ನೆರೆಯವರಿಂದ, ಹಳೆಯ ಪಠ್ಯಪುಸ್ತಕಗಳಿಂದ ಅದೇ ಹಾಡನ್ನು ಸಂಗ್ರಹಿಸಲಿ. ಒಂದರಲ್ಲಿರುವ ನುಡಿ ಇನ್ನೊಂದರಲ್ಲಿಲ್ಲ, ಪದಗಳು ಬೇರೆ, ಕೊನೆ ಮೊಟಕು. ಯಾವುದು ಹಳೆಯದು? ಯಾರು, ಏಕೆ ಬಿಟ್ಟರು? ಪಾಠಾಂತರಗಳನ್ನು ಎದುರುಬದುರು ಇಟ್ಟು ತೂಗುವ ಈ ವಿದ್ಯೆ ಮೈಸೂರಿನ ವಿದ್ವತ್ತಿನ ಬೆನ್ನೆಲುಬು. 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿ, ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಇಲ್ಲೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಗಳನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ತೋರಿಸಿದರು. ಏಳನೇ ತರಗತಿಯ ಮಗುವಿಗೆ ಗ್ರಂಥಸಂಪಾದನೆಯೇ ಎಂದು ನಗಬೇಡಿ. ಎರಡು ಪಾಠಗಳಲ್ಲಿ ಯಾವುದು ಸರಿ ಎಂದು ಜಗಳ ಹತ್ತಿದ ಮಕ್ಕಳು ಬೆಲ್ ಹೊಡೆದರೂ ಏಳುವುದಿಲ್ಲ.

ಒಂದಕ್ಕಿಂತ ಹೆಚ್ಚು ಅರ್ಥ ಬಿಟ್ಟುಕೊಡುವ ಬರಹಗಳು ಕನ್ನಡದಲ್ಲಿ ಹೇರಳ. ಕನಕದಾಸರ ಮುಂಡಿಗೆಗಳು, ಅಲ್ಲಮನ ಬೆಡಗಿನ ವಚನಗಳು ಒಗಟಿನ ರುಚಿ ಹತ್ತಿದ ಮಕ್ಕಳಿಗೆ ಹೇಳಿಮಾಡಿಸಿದಂಥವು. ಇಡೀ ಪುಸ್ತಕ ಓದಿಸುವುದಾದರೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’, ಎಂಟನೇ ತರಗತಿಗೆ ‘ಕರ್ವಾಲೊ’. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ಊರವರಿಗೆ ಕೆಲಸಕ್ಕೆ ಬಾರದವನಾಗಿ ಕಂಡ ಮಂದಣ್ಣನ ಕಣ್ಣಿನಲ್ಲಿ ಒಬ್ಬ ವಿಜ್ಞಾನಿ ಪ್ರಕೃತಿಯನ್ನು ಗಮನಿಸುವ ಅಸಾಮಾನ್ಯ ಶಕ್ತಿ ಕಾಣುತ್ತಾನೆ. ಮಕ್ಕಳಿಗಿಂತ ಮೊದಲು ನಾವು ಮೇಷ್ಟ್ರುಗಳು ಓದಬೇಕಾದ ಪುಸ್ತಕ.

6. ಮೂರನೆಯ ಪಾಠ: ಬರೆದದ್ದನ್ನು ಮತ್ತೆ ಬರೆಯುವುದು

ಚುರುಕಾದ ಮಗುವಿನ ದೊಡ್ಡ ಶತ್ರು ಅದರ ಸಲೀಸು. ಮೊದಲ ಸಲ ಬರೆದದ್ದೇ ಉಳಿದವರದ್ದಕ್ಕಿಂತ ಚೆನ್ನಾಗಿರುತ್ತದೆ, ‘ಗುಡ್’ ಸಿಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಈ ಸಲೀಸಿಗೆ ಅಡ್ಡಗಾಲು ಹಾಕುವ ಉಪಾಯಗಳನ್ನು ನಮ್ಮ ಅವಧಾನಕಲೆ ಎಂದೋ ಕಂಡುಕೊಂಡಿದೆ. ಕೊಟ್ಟ ನಾಲ್ಕು ಪದಗಳನ್ನು ಸಂಬಂಧವಿಲ್ಲದ ವಿಷಯಕ್ಕೆ ಹೊಂದಿಸಿ ಹೇಳಬೇಕಾದ ದತ್ತಪದಿ, ಅಸಂಬದ್ಧವಾಗಿ ಕಾಣುವ ಸಾಲಿಗೆ ಅರ್ಥ ಬರುವಂತೆ ಮುಂಚಿನ ಸಾಲುಗಳನ್ನು ಹೊಸೆಯುವ ಸಮಸ್ಯಾಪೂರಣ, ಹೆಜ್ಜೆಹೆಜ್ಜೆಗೂ ಪೃಚ್ಛಕರು ಅಕ್ಷರ ನಿಷೇಧಿಸುವ ನಿಷೇಧಾಕ್ಷರಿ. ಛಂದಸ್ಸಿನ ಭಾರವನ್ನು ಇಳಿಸಿ ಗದ್ಯದಲ್ಲೇ ಆಡಿಸಿ. ‘ತುಂಬಾ’, ‘ಸುಂದರ’ ಎಂಬ ಎರಡು ಪದ ಬಳಸದೆ ಚಾಮುಂಡಿ ಬೆಟ್ಟವನ್ನು ವರ್ಣಿಸಲು ಹೇಳಿ ನೋಡಿ. ಜಾಣಮಕ್ಕಳು ಪೆನ್ಸಿಲ್ ಕಚ್ಚುತ್ತಾರೆ. ಅಪರೂಪಕ್ಕಾದರೂ ಹಾಗೆ ಕಚ್ಚುವಂತಾಗಬೇಕು.

ಆಟದಿಂದ ದೊಡ್ಡ ಬರಹಕ್ಕೆ ಬನ್ನಿ. ಈ ಬಡಾವಣೆಯದೇ ಒಂದು ಪದಕೋಶ ಮಾಡಿಸಿ. ಪಾಳಿಯಲ್ಲಿ ದುಡಿಯುವ ಅಪ್ಪ ಅಮ್ಮಂದಿರ ಬಾಯಲ್ಲಿ ಶಿಫ್ಟು, ಓಟಿ, ಗೇಟ್‌ಪಾಸು ಯಾವ ಅರ್ಥದಲ್ಲಿವೆ? ಕುಂಬಾರಕೊಪ್ಪಲಿನ ಹಿರಿಯರು ಮಣ್ಣಿನ ಕೆಲಸಕ್ಕೆ ಯಾವ ಮಾತು ಬಳಸುತ್ತಿದ್ದರು? ಒಂದೊಂದು ಪದಕ್ಕೂ ಅರ್ಥ ಬರೆದು, ಅದನ್ನು ಆಡಿದವರ ವಾಕ್ಯವನ್ನೇ ಉದಾಹರಣೆಯಾಗಿ ಕೊಡಬೇಕು. ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಹೊರತಂದದ್ದನ್ನೂ, ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಮುನ್ನಡೆಸಿದ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ದಲ್ಲಿ ಓದುಗರ ಸಂಶಯಗಳಿಗೆ ವರ್ಷಗಟ್ಟಲೆ ಉತ್ತರಿಸಿದ್ದನ್ನೂ ಆಗ ಹೇಳಿದರೆ ಮಕ್ಕಳಿಗೆ ಆ ಶ್ರಮದ ತೂಕ ತಿಳಿಯುತ್ತದೆ.

ಎಲ್ಲಕ್ಕೂ ಮೇಲಾಗಿ, ಓದುಗ ಬೇಕು. ಮಗುವಿನ ಬರಹದ ಅಡಿಯಲ್ಲಿ ಸಹಿಗೆ ಬದಲು ಮೂರು ವಾಕ್ಯ ಬರೆಯಿರಿ: ಓದುತ್ತ ನನ್ನನ್ನು ಹಿಡಿದು ನಿಲ್ಲಿಸಿದ ಜಾಗ ಇದು, ನನಗೆ ಅರ್ಥವಾಗದೆ ಹೋದ ಜಾಗ ಇದು, ಇನ್ನೂ ತಿಳಿಯಬೇಕೆನಿಸಿದ್ದು ಇದು. ಎಪ್ಪತ್ತು ಪುಸ್ತಕ ತಿದ್ದುವ ಮೇಷ್ಟ್ರಿಗೆ ಪ್ರತಿವಾರ ಇದು ಆಗದ ಕೆಲಸ. ಸರದಿಯಂತೆ ವಾರಕ್ಕೆ ಐದೇ ಪುಸ್ತಕ ಹಿಡಿದರೂ ಎಲ್ಲ ಮಕ್ಕಳಿಗೂ ವರ್ಷದಲ್ಲಿ ಒಂದೆರಡು ಸಲ ನಿಜವಾದ ಓದುಗ ಸಿಗುತ್ತಾನೆ. ಆಮೇಲೆ ಅದೇ ಬರಹವನ್ನು ಮತ್ತೆ ಬರೆಸಬೇಕು, ಎರಡನ್ನೂ ಒಟ್ಟಿಗೆ ಕಟ್ಟಿಡಬೇಕು.

7. ಕೆಲವು ಎಚ್ಚರಗಳು

ಬೇಗ ಮುಗಿಸಿದ ಮಗುವನ್ನು ಮಾನಿಟರ್ ಮಾಡಿ ಉಳಿದವರ ನೋಟ್ಸ್ ತಿದ್ದಲು ಕೂರಿಸುವುದು ನಮ್ಮ ಹಳೆಯ ಅಭ್ಯಾಸ. ಮಗುವಿಗೆ ಹೆಮ್ಮೆಯಾಗಬಹುದು, ಕಲಿಕೆ ಮಾತ್ರ ಇಲ್ಲ. ಇನ್ನೊಂದು ಅಭ್ಯಾಸ, ಹತ್ತು ಪ್ರಶ್ನೆ ಮುಗಿಸಿದವರಿಗೆ ಇನ್ನೂ ಹತ್ತು ಕೊಡುವುದು. ಇಲ್ಲೇ ಯಾದವಗಿರಿಯಲ್ಲಿ ಬಾಳಿದ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯ ತಮ್ಮ ಮೊದಲ ಭಾಷಣವನ್ನು ಮಕ್ಕಳ ಬೆನ್ನಿನ ಚೀಲದ ಭಾರಕ್ಕೇ ಮೀಸಲಿಟ್ಟರು. ನಾಲ್ಕು ವರ್ಷದ ಮೇಲೆ ಯಶ್‌ಪಾಲ್ ಸಮಿತಿ ಹೊರೆಯಿಲ್ಲದ ಕಲಿಕೆಯ ವರದಿ ಕೊಟ್ಟಿತು. ಜಾಣತನಕ್ಕೆ ದಂಡವಾಗಿ ಹೆಚ್ಚಿನ ಹೊರೆ ಹೊರಿಸಬಾರದು.

ಮೂರನೆಯದು ಹಣೆಪಟ್ಟಿ. ಮೇಲೆ ಹೇಳಿದ ಪಾಠಗಳನ್ನು ‘ಎ ಸೆಕ್ಷನ್’ ಮಕ್ಕಳಿಗೆ ಎಂದು ಎತ್ತಿಟ್ಟರೆ ಅವುಗಳ ಪ್ರಯೋಜನವೇ ಹೋಯಿತು. ಯಾರಲ್ಲಿ ಏನಿದೆ ಎಂದು ತಿಳಿಯುವುದೇ ಅಂಥ ಕೆಲಸ ಕೊಟ್ಟಾಗ. ಮೊದಲು ಆರಿಸಿ ಆಮೇಲೆ ಕಲಿಸುವ ಬದಲು, ಕಲಿಸುತ್ತ ಕಲಿಸುತ್ತ ಕಂಡುಕೊಳ್ಳಬೇಕು. ಜೂನಿನಲ್ಲಿ ನೀವು ಮನಸ್ಸಿನಲ್ಲಿ ಮಾಡಿಕೊಂಡ ಪಟ್ಟಿ ದೀಪಾವಳಿಯ ಹೊತ್ತಿಗೆ ಬದಲಾಗದೇ ಇದ್ದರೆ, ಕೊಟ್ಟ ಕೆಲಸದಲ್ಲೇ ಏನೋ ಕೊರತೆಯಿದೆ ಎಂದು ತಿಳಿಯಿರಿ.

8. ಈ ವರ್ಷವೇ ಶುರುಮಾಡಬಹುದಾದದ್ದು

ಕೊನೆಯದಾಗಿ ನಾಲ್ಕು ಸಲಹೆ. ಒಂದು, ವಾರಕ್ಕೊಂದು ಪೀರಿಯಡ್ ಭಾಷಾಕೂಟ. ಆರು, ಏಳು, ಎಂಟು ಮೂರೂ ತರಗತಿಯವರು ಒಟ್ಟಿಗೆ, ಬರಬೇಕೆನ್ನುವ ಯಾರು ಬೇಕಾದರೂ ಬರಲಿ. ಎರಡು, ವರ್ಷಕ್ಕೆರಡು ಹೊರಸಂಚಾರ: ಒಂದು ಪ್ರಾಚ್ಯವಿದ್ಯಾ ಸಂಶೋಧನಾಲಯದ ತಾಳೆಗರಿಗಳಿಗೆ, ಇನ್ನೊಂದು ಮಾನಸಗಂಗೋತ್ರಿಯ ಭಾಷಾ ಸಂಸ್ಥಾನಕ್ಕೆ. ಪಿಕ್ನಿಕ್ಕಿಗೆ ದೂರ ಹೋಗುವ ಬಸ್ಸಿನ ಖರ್ಚಿನಲ್ಲಿ ಸಣ್ಣ ಪಾಲು ಸಾಕು. ಮೂರು, ಊರಿನ ನಿವೃತ್ತರ ಪಡೆ. ಕಾರ್ಖಾನೆ, ಬ್ಯಾಂಕು, ಶಾಲೆಗಳಿಂದ ನಿವೃತ್ತರಾಗಿ ಬೆಳಗ್ಗೆ ಎರಡೆರಡು ದಿನಪತ್ರಿಕೆ ಓದಿ ಮುಗಿಸುವ ಹಿರಿಯರು ಇಲ್ಲಿದ್ದೀರಿ. ಒಬ್ಬೊಬ್ಬರು ಇಬ್ಬಿಬ್ಬರು ಮಕ್ಕಳ ಬರಹಕ್ಕೆ ಓದುಗರಾಗಿ. ತಿದ್ದುವುದು ಬೇಡ, ಓದಿ ಮೂರು ವಾಕ್ಯ ಬರೆಯಿರಿ.

ನಾಲ್ಕನೆಯದು ದತ್ತಿಯವರಲ್ಲಿ ನನ್ನ ಕೋರಿಕೆ. ಪ್ರತಿವರ್ಷ ಈ ದತ್ತಿಯಿಂದ ಪ್ರಬಂಧಕ್ಕೆ ಕೊಡುವ ಪದಕದ ನಿಯಮವನ್ನು ಸ್ವಲ್ಪ ಬದಲಿಸಿ. ಸ್ಪರ್ಧೆಗೆ ಬಂದ ಎಲ್ಲ ಬರಹಗಳಿಗೂ ತೀರ್ಪುಗಾರರು ತಮ್ಮ ಅನಿಸಿಕೆ ಬರೆದು ಹಿಂದಿರುಗಿಸಲಿ. ಮಕ್ಕಳು ಒಂದು ತಿಂಗಳ ಒಳಗೆ ತಿದ್ದಿ ಮತ್ತೆ ಕಳಿಸಲಿ. ಮೊದಲ ಬರಹಕ್ಕೂ ಎರಡನೆಯದಕ್ಕೂ ನಡುವೆ ಅತಿ ಹೆಚ್ಚು ದೂರ ನಡೆದವರಿಗೆ ಪದಕ ಕೊಡಿ. ಆಗ ಸುಲಭವಾಗಿ ಗೆಲ್ಲುತ್ತಿದ್ದ ಮಗು ಮೊದಲ ಸಲ ಬೆವರು ಹರಿಸುತ್ತದೆ, ಹಿಂದಿದ್ದ ಮಗುವಿಗೂ ಪದಕದ ಆಸೆ ಹುಟ್ಟುತ್ತದೆ. ಈ ವರ್ಷದ ತೀರ್ಪುಗಾರರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಿ, ನನ್ನ ಪಾಲಿನ ಕಟ್ಟನ್ನು ಮನೆಗೆ ಕಳಿಸಿಕೊಡಿ.